ತಂತಿ ಕಂಬದ ಮೇಲೋ, ನೆಲದ ಕೆಳಗೋ?

ಪ್ರೀತಿಯ ಮಕ್ಕಳೇ, ಪಕ್ಕದಲ್ಲಿ ಕನ್ನಡಕ ಏರಿಸಿಕೊಂಡು ಕುಳಿತಿರುವ ತಾತ-ಅಜ್ಜಿಯರೇ,

ಈ ವಾರ ಬಂದ ಪತ್ರಗಳಲ್ಲಿ ಒಂದು ಜಗಳದ ಪತ್ರ ಇದೆ. ಬಂಗಾರಪೇಟೆ ತಾಲ್ಲೂಕಿನ ಹಳ್ಳಿಯೊಂದರಿಂದ ಎಂಟನೇ ತರಗತಿಯ ಹುಡುಗಿ ಬರೆದದ್ದು. ಜಗಳ ಅವಳಿಗೂ ಅವಳ ತಾತನಿಗೂ.

“ಮೇಷ್ಟ್ರೇ, ನಮ್ಮೂರ ಪಂಚಾಯಿತಿಗೂ ಸ್ಕೂಲಿಗೂ ನೆಲದೊಳಗಿನಿಂದ ಫೈಬರ್ ಕೇಬಲ್ ಬಂದಿತ್ತು. ನೀರಿನ ಪೈಪು ಹಾಕೋಕೆ ರಸ್ತೆ ಅಗೆದಾಗ ತುಂಡಾಯಿತು. ಎರಡು ತಿಂಗಳಾದರೂ ಸರಿಯಾಗಿಲ್ಲ. ಸ್ಕೂಲಿನ ಸ್ಮಾರ್ಟ್ ಕ್ಲಾಸ್ ಟೀವಿಗೆ ಬಟ್ಟೆ ಹೊದಿಸಿಟ್ಟಿದ್ದಾರೆ. ಪಹಣಿ ಬೇಕು ಅಂದ್ರೆ ತಾತ ಬಸ್ಸು ಹತ್ತಿ ಬಂಗಾರಪೇಟೆಗೇ ಹೋಗಬೇಕು. ಕೆಜಿಎಫ್‌ನಲ್ಲಿರೋ ನಮ್ಮ ಅತ್ತೆ ಮನೆಗೆ ಕಂಬದ ಮೇಲಿಂದ ಬರುತ್ತೆ. ಹಾಳಾದರೆ ಸಂಜೆಯೊಳಗೆ ಏಣಿ ಹಾಕಿ ಸರಿ ಮಾಡ್ತಾರೆ. ನಮಗೂ ಕಂಬದ ಮೇಲೇ ಹಾಕಬಹುದಿತ್ತಲ್ವಾ? ತಾತ ಮಾತ್ರ ನೆಲದೊಳಗೇ ಸರಿ, ಅದೇ ಗಟ್ಟಿ ಅಂತಾರೆ. ಅವರು ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಅವರಿಗೆ ಎಲ್ಲವೂ ನೆಲದೊಳಗೇ ಇರಬೇಕು!”

ಇಬ್ಬರೂ ಹೇಳೋದು ಸರಿ ಅಂದುಬಿಟ್ಟು ನಾನು ನುಣುಚಿಕೊಳ್ಳಬಹುದು. ಆದರೆ ಬಸ್ಸು ಹತ್ತಬೇಕಾದವರು ತಾತ, ಬಟ್ಟೆ ಹೊದ್ದ ಟೀವಿ ನೋಡಬೇಕಾದವಳು ಮೊಮ್ಮಗಳು. ಆದ್ದರಿಂದ ಸ್ವಲ್ಪ ಕೂತು ಲೆಕ್ಕ ಹಾಕೋಣ.

ಮೊದಲು, ಆ ಕೇಬಲ್ ಒಳಗೆ ಏನಿದೆ? ತಾಮ್ರವಿಲ್ಲ. ಇರುವುದು ಗಾಜು. ಹಳ್ಳಿಗೆ ಹೋಗುವ ಕೇಬಲ್‌ನಲ್ಲಿ ಸಾಮಾನ್ಯವಾಗಿ 24 ಗಾಜಿನ ಎಳೆಗಳು ಇರುತ್ತವೆ. ಒಂದೊಂದು ಎಳೆಯ ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರ್‌ನ ಎಂಟನೇ ಒಂದು ಪಾಲು. ಅದರ ನಡುವಿನ ಬರೀ 9 ಮೈಕ್ರಾನ್ ದಪ್ಪದ ತಿರುಳಿನಲ್ಲಿ ಬೆಳಕು ಓಡುತ್ತದೆ. ನಿಮ್ಮ ಪಾಠ, ತಾತನ ಪಹಣಿ, ಅಜ್ಜಿ ನೋಡುವ ಧಾರಾವಾಹಿ ಎಲ್ಲವೂ ಬೆಳಕಿನ ಮಿಣುಕುಗಳಾಗಿ ಅಲ್ಲಿ ಹಾಯುತ್ತವೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ 1950ರ ದಶಕದಲ್ಲಿ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಹಾಯಿಸಿ ತೋರಿಸಿದರು. ಗಾಜು ಸಾಕಷ್ಟು ಶುದ್ಧವಾಗಿದ್ದರೆ ಬೆಳಕನ್ನು ಬಹುದೂರ ಕಳಿಸಬಹುದು ಎಂದು 1966ರಲ್ಲಿ ಲೆಕ್ಕ ಹಾಕಿ ಹೇಳಿದವರು ಚಾರ್ಲ್ಸ್ ಕಾವೋ. ಅವರಿಗೆ 2009ರಲ್ಲಿ ನೊಬೆಲ್ ಬಂತು.

ಬೆಳಕು ಗಾಜಿನ ಎಳೆಯೊಳಗೆ ಯಾಕೆ ಉಳಿಯುತ್ತದೆ ಎಂಬುದನ್ನು ಮನೆಯಲ್ಲೇ ನೋಡಬಹುದು. ಪ್ಲಾಸ್ಟಿಕ್ ಬಾಟಲಿಯ ಬುಡದ ಹತ್ತಿರ ಸಣ್ಣ ತೂತು ಮಾಡಿ. ನೀರು ತುಂಬಿಸಿ, ಕೋಣೆ ಕತ್ತಲು ಮಾಡಿ. ನೀರು ಬಾಗಿ ಸುರಿಯುವಾಗ, ತೂತಿನ ಎದುರು ಬದಿಯಿಂದ ಟಾರ್ಚ್ ಬಿಡಿ. ಬಕೆಟ್ಟಿಗೆ ಬೀಳುವ ನೀರಿನ ಧಾರೆಯ ಉದ್ದಕ್ಕೂ ಬೆಳಕು ಬಾಗಿಕೊಂಡು ಹೋಗುತ್ತದೆ. ಧಾರೆಯ ಒಳಗೋಡೆಗೆ ಓರೆಯಾಗಿ ಬಡಿದ ಬೆಳಕು ಆಚೆ ಹೋಗಲಾರದೆ ಮತ್ತೆ ಒಳಕ್ಕೇ ಪುಟಿಯುತ್ತದೆ. ಇದನ್ನು 1840ರ ದಶಕದಲ್ಲೇ ಜಿನೀವಾದ ಕೊಲಾಡಾನ್ ಎಂಬ ವಿಜ್ಞಾನಿ ತಮ್ಮ ಉಪನ್ಯಾಸಕ್ಕೆ ಬಂದವರಿಗೆ ತೋರಿಸಿದ್ದರು. ಧಾರೆ ಕೆಳಗೆ ಚೂರುಚೂರಾಗಿ ಒಡೆಯುವ ಜಾಗ ಗಮನಿಸಿ. ಅಲ್ಲಿ ಬೆಳಕು ಸೋರಿಹೋಗುತ್ತದೆ. ಗಾಜಿನ ಎಳೆಯದೂ ಇದೇ ಕಥೆ. ಹೆಚ್ಚು ಬಗ್ಗಿಸಿದರೆ ಬೆಳಕು ಸೋರುತ್ತದೆ, ಇನ್ನೂ ಬಗ್ಗಿಸಿದರೆ ಎಳೆಯೇ ಮುರಿಯುತ್ತದೆ. ಕೇಬಲನ್ನು ಎಳೆದು ಹಾಕುವಾಗ ಅದರ ದಪ್ಪದ 20 ಪಟ್ಟಿಗಿಂತ ಚಿಕ್ಕ ತಿರುವಿನಲ್ಲಿ ಬಗ್ಗಿಸಬಾರದು ಎಂಬ ನಿಯಮ ಇರುವುದು ಅದಕ್ಕೇ. ಹಾಗಾಗಿ ಎಲ್ಲಿ ಹಾಕಿದರು ಎನ್ನುವಷ್ಟೇ ಹೇಗೆ ಹಾಕಿದರು ಎನ್ನುವುದೂ ಮುಖ್ಯ.

ಈಗ ತಾತನ ಪಕ್ಷ ಕೇಳೋಣ.

ನಮ್ಮ ದೇಶದಲ್ಲಿ ಹಳ್ಳಿ ಹಳ್ಳಿಗೆ ಫೈಬರ್ ಒಯ್ಯುವ ಯೋಜನೆಯ ಹೆಸರು ಭಾರತ್‌ನೆಟ್. 2011ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಯಿತು. ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಗಾಜಿನ ಎಳೆ ಮುಟ್ಟಿಸಬೇಕೆಂಬುದು ಗುರಿ. ಮೊದಲ ಹಂತದಲ್ಲಿ ಹೆಚ್ಚಿನದು ನೆಲದೊಳಗೇ ಹೋಯಿತು. ಸಾಧಾರಣ ಮಣ್ಣಿನಲ್ಲಿ 165 ಸೆಂಟಿಮೀಟರ್ ಆಳಕ್ಕೆ ಕಂದಕ ತೋಡಬೇಕು. ಎಂಟನೇ ತರಗತಿಯವರು ಅದರೊಳಗೆ ಇಳಿದು ನಿಂತರೆ ಬಹುಪಾಲು ಮಕ್ಕಳ ತಲೆ ಕಾಣಿಸುವುದಿಲ್ಲ. ಅಷ್ಟು ಆಳ ಯಾಕೆ? ನೇಗಿಲು, ಟ್ರಾಕ್ಟರ್, ಚರಂಡಿ ಕೆಲಸ, ಬೇಲಿ ಕಲ್ಲಿನ ಗುಂಡಿ ಯಾವುದೂ ಅಲ್ಲಿಯವರೆಗೆ ಇಳಿಯದಿರಲಿ ಎಂದು.

ಕಂದಕದಲ್ಲಿ ಮೊದಲು ಇಳಿಸುವುದು ಕೇಬಲ್ ಅಲ್ಲ, 40 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಕೊಳವೆ. ಒಳಗೋಡೆ ಎಣ್ಣೆ ಸವರಿದಂತೆ ನುಣುಪಾಗಿರುತ್ತದೆ. ಮಣ್ಣು ಮುಚ್ಚಿದ ಮೇಲೆ ಅದರೊಳಗೆ ಕೇಬಲ್ ಕಳಿಸುತ್ತಾರೆ. ಇದಕ್ಕೆ ಎರಡು ದಾರಿ. ಅಜ್ಜಿ ಲಂಗಕ್ಕೆ ಲಾಡಿ ಹಾಕುವುದನ್ನು ನೋಡಿದ್ದೀರಲ್ಲ? ಲಾಡಿಯ ತುದಿಗೆ ಪಿನ್ನು ಚುಚ್ಚಿ, ನೆರಿಗೆ ಸರಿಸುತ್ತಾ ಎಳೆಯುತ್ತಾರೆ. ಹಳೆಯ ಕ್ರಮ ಇದೇ. ಕೊಳವೆಯಲ್ಲಿ ಮೊದಲೇ ಹಗ್ಗ ಇಟ್ಟು, ಅದಕ್ಕೆ ಕೇಬಲ್ ಕಟ್ಟಿ ಆ ತುದಿಯಿಂದ ಎಳೆಯುವುದು. ಇದರಲ್ಲಿ ಎಳೆತವೆಲ್ಲ ಮುಂದಿನ ತುದಿಯ ಮೇಲೆ ಬೀಳುತ್ತದೆ. ದೂರ ಹೆಚ್ಚಿದಂತೆ, ತಿರುವು ಹೆಚ್ಚಿದಂತೆ ಗಾಜಿಗೆ ಆಯಾಸ. ಎರಡನೆಯದು ಗಾಳಿಯ ಕ್ರಮ. ಪರಂಗಿ ಎಲೆಯ ದಂಟನ್ನು ಕೊಳವೆ ಮಾಡಿ ಅದರಲ್ಲಿ ಕಾಳು ಊದಿ ಹಾರಿಸಿದ ತಾತಂದಿರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಕಂಪ್ರೆಸರ್‌ನಿಂದ ಕೊಳವೆಯೊಳಗೆ ಜೋರಾಗಿ ಗಾಳಿ ಬಿಡುತ್ತಾರೆ, ಯಂತ್ರವೊಂದು ಕೇಬಲನ್ನು ಮೆಲ್ಲಗೆ ತಳ್ಳುತ್ತದೆ. ಗಾಳಿ ಕೇಬಲಿನ ಮೈಯುದ್ದಕ್ಕೂ ಸವರಿಕೊಂಡು ಒಯ್ಯುವುದರಿಂದ ಒಂದೇ ತುದಿಗೆ ಭಾರ ಬೀಳುವುದಿಲ್ಲ. ಒಂದೇ ಉಸಿರಿಗೆ ಕಿಲೋಮೀಟರಿಗೂ ಹೆಚ್ಚು ದೂರ ಹೋಗುತ್ತದೆ. ಕೊಳವೆ ಇದ್ದರೆ ಇನ್ನೊಂದು ಲಾಭ: ಮುಂದೊಂದು ದಿನ ಕೇಬಲ್ ಬದಲಿಸಬೇಕಾದರೆ ಮತ್ತೆ ರಸ್ತೆ ಅಗೆಯಬೇಕಿಲ್ಲ. ಹಳೆಯದನ್ನು ಎಳೆದು ಹೊಸದನ್ನು ಊದಿದರಾಯಿತು.

ರೈಲು ಹಳಿ ಬಂದರೆ? ಬಂಗಾರಪೇಟೆ ಜಂಕ್ಷನ್ನಿನಲ್ಲಿ ಬೆಂಗಳೂರು-ಚೆನ್ನೈ ರೈಲುಗಳನ್ನು ನಿಲ್ಲಿಸಿ ಕಂದಕ ತೋಡಲು ಯಾರೂ ಬಿಡುವುದಿಲ್ಲ. ಅಲ್ಲಿ ಹೆಗ್ಗಣದ ಉಪಾಯ. ಹಳಿಯ ಈಚೆ ಒಂದು ಗುಂಡಿ, ಆಚೆ ಒಂದು ಗುಂಡಿ, ನಡುವೆ ಯಂತ್ರದ ಬೈರಿಗೆ ನೆಲದಡಿಯಲ್ಲೇ ಕೊರೆದುಕೊಂಡು ಹೋಗುತ್ತದೆ. ಬೈರಿಗೆಯ ಮೂತಿಯಲ್ಲಿ ಪುಟ್ಟ ರೇಡಿಯೊ ಇರುತ್ತದೆ. ಮೇಲೆ ನಡೆಯುತ್ತಿರುವವರ ಕೈಯ ಪೆಟ್ಟಿಗೆಗೆ ಅದು “ನಾನೀಗ ಇಲ್ಲಿದ್ದೇನೆ, ಇಷ್ಟು ಆಳದಲ್ಲಿದ್ದೇನೆ” ಎಂದು ಹೇಳುತ್ತಿರುತ್ತದೆ. ಮೂತಿಯ ಒಂದು ಬದಿ ಓರೆ. ಆ ಓರೆಯನ್ನು ತಿರುಗಿಸಿ ದಾರಿ ಬದಲಿಸುತ್ತಾರೆ. ಸುರಂಗ ಕುಸಿಯದಿರಲು ಬೆಂಟೊನೈಟ್ ಎಂಬ ಜೇಡಿಮಣ್ಣಿನ ಗಂಜಿ ಹಾಯಿಸುತ್ತಾರೆ. ಬೈರಿಗೆ ಆಚೆ ದಡದಲ್ಲಿ ಎದ್ದ ಮೇಲೆ ಅದರ ಬಾಲಕ್ಕೆ ಕೊಳವೆ ಕಟ್ಟಿ ವಾಪಸು ಎಳೆಯುತ್ತಾರೆ. ಮೇಲೆ ರೈಲು ಓಡುತ್ತಲೇ ಇರುತ್ತದೆ. ಡಾಂಬರು ರಸ್ತೆಯನ್ನು ಗರಗಸದಿಂದ ಕೆಲವೇ ಬೆರಳಗಲ ಸೀಳಿ, ಮೊಣಕಾಲೆತ್ತರಕ್ಕೂ ಕಡಿಮೆ ಆಳದಲ್ಲಿ ಕೇಬಲ್ ಇಡುವ ಇನ್ನೊಂದು ಕ್ರಮವೂ ಉಂಟು. ಬೇಗ ಆಗುತ್ತದೆ. ಆದರೆ ಮುಂದಿನ ಸಲ ರಸ್ತೆ ಕೆರೆದಾಗ ಏನಾಗುತ್ತದೆಂದು ನೀವೇ ಊಹಿಸಿ. ನಮ್ಮ ಕಡೆಯ ರಸ್ತೆಗಳಿಗೆ ಅದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ.

ತಾತ ಇಲ್ಲಿ ಮೀಸೆ ತಿರುವಬಹುದು. ಸ್ವಲ್ಪ ತಾಳಿ. ಲೆಕ್ಕ ಇನ್ನೂ ಮುಗಿದಿಲ್ಲ.

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ದಾರಿ ಸುಮಾರು 16 ಕಿಲೋಮೀಟರ್. ಅಷ್ಟು ಉದ್ದಕ್ಕೆ, 165 ಸೆಂಟಿಮೀಟರ್ ಆಳ, 40 ಸೆಂಟಿಮೀಟರ್ ಅಗಲದ ಕಂದಕ ತೋಡಿದರೆ ಎಷ್ಟು ಮಣ್ಣು? 16,000 × 1.65 × 0.4. ಅಂದರೆ 10,560 ಘನಮೀಟರ್. ಒಂದು ಟ್ರಾಕ್ಟರ್ ಟ್ರೇಲರಿಗೆ 3 ಘನಮೀಟರ್ ಎಂದು ಹಿಡಿದರೂ 3,520 ಲೋಡು! ಅದೂ ಮಣ್ಣಾದರೆ. ಕೋಲಾರ ಜಿಲ್ಲೆಯಲ್ಲಿ ಹಾರೆ ಹಾಕಿದಲ್ಲೆಲ್ಲ ಠಣ್ ಎನ್ನುವ ಜಾಗಗಳು ಎಷ್ಟಿವೆ ಎಂದು ಬೋರ್‌ವೆಲ್ ಕೊರೆಸಿದವರನ್ನು ಕೇಳಿ. ಕೆಜಿಎಫ್‌ನಲ್ಲಂತೂ ಚಿನ್ನದ ಅದಿರನ್ನು ಹೊತ್ತ ಕಪ್ಪನೆಯ ಗಟ್ಟಿ ಶಿಲೆ. ಬಂಡೆ ಬಂದಲ್ಲಿ ಆಳ ಕಡಿಮೆ ಮಾಡಲು ನಿಯಮ ಒಪ್ಪುತ್ತದೆ. ಆದರೆ ಆಗ ಕೊಳವೆಯ ಮೇಲೆ ಕಬ್ಬಿಣದ ಪೈಪೋ ಕಾಂಕ್ರೀಟೋ ಹೊದಿಸಬೇಕು. ಖರ್ಚು ಏರುತ್ತದೆ.

“ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದವರು ನಾವು. ಆಳುದ್ದದ ಕಂದಕ ನಮಗೊಂದು ಲೆಕ್ಕವೇ?” ಎಂದು ತಾತ ಕೇಳಬಹುದು. ಮಾತು ನಿಜ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ಹೊತ್ತಿಗೆ ಚಾಂಪಿಯನ್ ರೀಫ್ ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದಾಗಿತ್ತು. ಆದರೆ ತಾತ, ಗಣಿಯವರು ಅಗೆದದ್ದು ಚಿನ್ನ ಇದ್ದ ಕಡೆ. ಚಿನ್ನ ಇಲ್ಲದ ಬಂಡೆಯನ್ನು ಬಿಟ್ಟು ಪಕ್ಕಕ್ಕೆ ಸರಿಯುವ ಸ್ವಾತಂತ್ರ್ಯ ಅವರಿಗಿತ್ತು. ಕೇಬಲಿನವರಿಗೆ ಹಾಗಲ್ಲ. ಒಂದು ಮೀಟರ್ ಬಿಟ್ಟರೂ ಬೆಳಕು ಅಲ್ಲೇ ನಿಂತಿತು. 16,000 ಮೀಟರಿನಲ್ಲಿ ಪ್ರತಿಯೊಂದು ಮೀಟರನ್ನೂ ಅಗೆಯಲೇಬೇಕು. ಜಾಗ ಯಾರದೆಂಬ ಪ್ರಶ್ನೆಯೂ ಇದೆ. ಒಂದು ತುಂಡು ರೈಲ್ವೆಯದು, ಒಂದು ಹೆದ್ದಾರಿಯದು, ಒಂದು ನಗರಸಭೆಯದು. ಕೆಜಿಎಫ್ ಒಳಗೆ ಹೋದರೆ ಬಿಜಿಎಂಎಲ್ ಜಾಗ. ಒಬ್ಬೊಬ್ಬರ ಒಪ್ಪಿಗೆಗೂ ಒಂದೊಂದು ಅರ್ಜಿ. ಈ ಒಪ್ಪಿಗೆಗಳಿಗೆಂದೇ 2016ರಲ್ಲಿ ಒಂದು ನಿಯಮಾವಳಿ ಬಂತು, 2025ರ ಜನವರಿ 1ರಿಂದ ಅದರ ಜಾಗದಲ್ಲಿ ಹೊಸದು ಜಾರಿಯಾಗಿದೆ. ಅಗೆಯುವುದಕ್ಕಿಂತ ಅರ್ಜಿಯೇ ನಿಧಾನ ಎಂದು ಈ ಕೆಲಸದವರು ಹೇಳುವುದುಂಟು.

ಈಗ ಮೊಮ್ಮಗಳ ಪಕ್ಷ.

ಕಂಬದ ಮೇಲಿನ ತಂತಿಗೆ ಕೆಜಿಎಫ್‌ಗಿಂತ ದೊಡ್ಡ ಸಾಕ್ಷಿ ಬೇಕೇ? 120 ವರ್ಷಗಳಿಗೂ ಹಿಂದೆ, 1902ರ ಜೂನ್ 30ರಂದು, ಕಾವೇರಿಯ ಶಿವನಸಮುದ್ರದಿಂದ ಹೊರಟ ವಿದ್ಯುತ್ತು ಗಣಿಗಳಿಗೆ ಹರಿಯತೊಡಗಿತು. ಸುಮಾರು 92 ಮೈಲಿ, ಅಂದರೆ 148 ಕಿಲೋಮೀಟರ್, ಕಂಬದಿಂದ ಕಂಬಕ್ಕೆ ತಂತಿ. ಅಂದಿಗೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿಗೆ ಕರೆಂಟು ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಎಂಬ ಹೆಸರು. ಅಷ್ಟು ದೂರವನ್ನು ನೆಲ ಅಗೆದು ತಲುಪಬೇಕೆಂದು ಹೊರಟಿದ್ದರೆ ಗಣಿಗಳು ಹಬೆಯ ಯಂತ್ರಕ್ಕೆ ಸೌದೆ, ಕಲ್ಲಿದ್ದಲು ಸುರಿಯುತ್ತಾ ಇನ್ನೆಷ್ಟು ವರ್ಷ ಕಾಯಬೇಕಿತ್ತೋ.

ಗಾಜಿನ ಎಳೆಗೆ ಕಂಬದ ಮೇಲೆ ಇನ್ನೊಂದು ಅನುಕೂಲ. ಅದರಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಲೋಹವೇ ಇಲ್ಲದ, ತನ್ನ ಭಾರ ತಾನೇ ಹೊರುವ ಕೇಬಲ್ ಇದೆ. ಅದನ್ನು ಕರೆಂಟು ಕಂಬದ ಮೇಲೆಯೇ, ತಂತಿಗಳಿಂದ ತಕ್ಕಷ್ಟು ಕೆಳಗೆ ಕಟ್ಟಬಹುದು. ಪಕ್ಕದ ಕರೆಂಟಿನಿಂದ ಅದರ ಬೆಳಕಿಗೆ ಅಡಚಣೆಯಿಲ್ಲ. ನಮ್ಮ ನೆರೆಯ ಆಂಧ್ರಪ್ರದೇಶ ಈ ದಾರಿ ಹಿಡಿಯಿತು. ಇರುವ ಕರೆಂಟು ಕಂಬಗಳ ಮೇಲೆಯೇ ರಾಜ್ಯದ ಫೈಬರ್ ಜಾಲವನ್ನು ಎಳೆಯಿತು. 2017ರ ಡಿಸೆಂಬರಿನಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಉದ್ಘಾಟಿಸಿದರು. ಭಾರತ್‌ನೆಟ್ ಕೂಡ ಎರಡನೇ ಹಂತದಲ್ಲಿ ಕಂಬದ ಕೇಬಲಿಗೆ ಅವಕಾಶ ಕೊಟ್ಟಿತು. ಅಗೆತವಿಲ್ಲ, ರಸ್ತೆ ಮುಚ್ಚುವುದಿಲ್ಲ, ಹಣ ಕಡಿಮೆ, ದಿನವೂ ಕಡಿಮೆ. ಕೆಜಿಎಫ್‌ನ ಗಣಿ ಲೈನ್ ಮನೆಗಳ ಇಕ್ಕಟ್ಟಿನ ಓಣಿಗಳಲ್ಲಿ ಕಂದಕ ತೋಡಿದರೆ ಮನೆಯವರು ಹೊರಗೆ ಕಾಲಿಡಲು ಹಲಗೆ ಹಾಕಿಕೊಳ್ಳಬೇಕಾಗುತ್ತದೆ. ಅಲ್ಲಿ ಕಂಬವೇ ವಾಸಿ ಎಂದು ನನಗೂ ಅನ್ನಿಸುತ್ತದೆ.

ಆದರೆ ಮೇಲಿನ ಕಷ್ಟಗಳು ಮೇಲೆ. ಹುಲ್ಲು ಹೇರಿದ ಟ್ರಾಕ್ಟರ್ ಜೋತ ಕೇಬಲಿಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ಜಿಲ್ಲೆಯ ಹೂವಿನ ಪಲ್ಲಕ್ಕಿಗಳ ಎತ್ತರ ನಿಮಗೆ ಗೊತ್ತು. ಜಾತ್ರೆಯ ರಾತ್ರಿ ಉದ್ದನೆಯ ಕೋಲು ಹಿಡಿದು ಒಬ್ಬ ತಂತಿಗಳನ್ನು ಎತ್ತಿ ಹಿಡಿಯದಿದ್ದರೆ ಪಲ್ಲಕ್ಕಿ ಮುಂದೆ ಹೋಗದು. ಮೇ ತಿಂಗಳ ಮಳೆಗಾಳಿಗೆ ಮರ ಬಿದ್ದರೆ ಕಂಬ, ಕರೆಂಟು, ಕೇಬಲ್ ಮೂರೂ ಒಟ್ಟಿಗೆ ನೆಲಕ್ಕೆ. ಅಳಿಲು ಹಲ್ಲು ಉಜ್ಜಲು ಕೇಬಲ್ ಹುಡುಕುತ್ತದೆ. 2015ರಲ್ಲಿ ವಾರಾಣಸಿಯಲ್ಲಿ ಗಂಗೆಯ ದಡದ ಫೈಬರ್ ಕೇಬಲ್‌ಗಳನ್ನು ಕೋತಿಗಳು ಕಚ್ಚಿ ತಿಂದು ಹಾಕಿದ ಸುದ್ದಿ ಜಗತ್ತೆಲ್ಲ ಓಡಾಡಿತ್ತು. ಬಿಸಿಲೂ ಸುಮ್ಮನಿರುವುದಿಲ್ಲ. ವರ್ಷಗಟ್ಟಲೆ ಕಾದು ಹೊರಕವಚ ಬಿರುಕು ಬಿಡುತ್ತದೆ. ನೆಲದೊಳಗಿನದು ಅಷ್ಟು ಬೇಗ ಮುದಿಯಾಗುವುದಿಲ್ಲ.

ನೆಲದೊಳಗಿನ ಕೇಬಲಿಗೆ ಇರುವ ಮುಖ್ಯ ಶತ್ರು ಒಂದೇ: ಅಗೆಯುವ ಯಂತ್ರ. ತಮಾಷೆ ನೋಡಿ, ಇಂಥ ದೊಡ್ಡ ದೊಡ್ಡ ಅಗೆಯುವ ಯಂತ್ರಗಳನ್ನು ತಯಾರಿಸುವ ಬಿಇಎಂಎಲ್ ಕಾರ್ಖಾನೆ ಇರುವುದೂ ಕೆಜಿಎಫ್‌ನಲ್ಲೇ! ಯಂತ್ರದ ತಪ್ಪೇನಿಲ್ಲ. ಕೆಳಗೆ ಏನಿದೆ ಎಂದು ಕೇಳದೆ ಬಕೆಟ್ ಇಳಿಸುವುದು ತಪ್ಪು. ಕೇಬಲ್ ದಾರಿಯಲ್ಲಿ ಗುರುತಿನ ಕಲ್ಲು ನೆಟ್ಟಿರುತ್ತಾರೆ. ಅದನ್ನು ಕಿತ್ತು ಬದಿಗೆ ಹಾಕಿ ಅಗೆದರೆ ಗಾಜಿನ ಎಳೆ ಏನು ಮಾಡೀತು? 2023ರ ಮಾರ್ಚ್ 22ರಂದು ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಿಡುಗಡೆ ಮಾಡಿತು. ಅಗೆಯುವವರು ಮೊದಲೇ ಜಾಗ ತಿಳಿಸಿದರೆ, ಅಲ್ಲಿ ಕೇಬಲ್ ಅಥವಾ ಪೈಪು ಇಟ್ಟವರಿಗೆ ಸುದ್ದಿ ಮುಟ್ಟುತ್ತದೆ. ನಿಮ್ಮೂರಲ್ಲಿ ಮುಂದಿನ ಸಲ ಜೆಸಿಬಿ ಬಂದಾಗ “ಅಣ್ಣಾ, ಆ ಆ್ಯಪ್‌ನಲ್ಲಿ ಹಾಕಿದ್ದೀರಾ?” ಎಂದು ಕೇಳುವುದಕ್ಕೆ ಯಾವ ಪದವಿಯೂ ಬೇಕಿಲ್ಲ.

ಕಡಿದುಹೋದ ಮೇಲೆ ಏನು ಮಾಡುತ್ತಾರೆ? ಕಚೇರಿಯ ತುದಿಯಿಂದ ಎಳೆಯೊಳಗೆ ಒಂದು ಬೆಳಕಿನ ಮಿಣುಕು ಬಿಡುತ್ತಾರೆ. ಮುರಿದ ಜಾಗದಿಂದ ಸ್ವಲ್ಪ ಬೆಳಕು ವಾಪಸು ಬರುತ್ತದೆ. ಬಾವಿಗೆ ಬಾಗಿ ಕೂಗಿದರೆ ದನಿ ಮರಳಿ ಬರುವ ಹಾಗೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಹೋಗಿ ಬರಲು ಹಿಡಿದ ಪ್ರತಿ ಮೈಕ್ರೋಸೆಕೆಂಡಿಗೆ 100 ಮೀಟರ್ ದೂರ ಎಂದು ಲೆಕ್ಕ. ಹೀಗೆ ಕುಳಿತಲ್ಲೇ ಕಡಿತದ ಜಾಗ ಗೊತ್ತಾಗುತ್ತದೆ. ಕಂಬದ ಮೇಲಾದರೆ ಅಲ್ಲಿಗೆ ಹೋಗಿ ತಲೆ ಎತ್ತಿದರೆ ಸಾಕು. ನೆಲದೊಳಗಾದರೆ ಮತ್ತೆ ಅಗೆಯಬೇಕು, ನೀರು ತುಂಬಿದ್ದರೆ ಬಳಿಯಬೇಕು, ಕೊಳವೆ ಸರಿಪಡಿಸಬೇಕು. ಆಮೇಲೆ ಬಣ್ಣ ನೋಡಿಕೊಂಡು ಒಂದೊಂದೇ ಎಳೆಯನ್ನು ಅದರದರ ಜೋಡಿಗೆ ಸೇರಿಸಿ, ವಿದ್ಯುತ್ ಕಿಡಿಯಿಂದ ಗಾಜನ್ನು ಕರಗಿಸಿ ಬೆಸೆಯಬೇಕು. ಬೆಸೆಯುವ ಕೆಲಸ ಎರಡೂ ಕಡೆ ಒಂದೇ. ಅದು ಗಂಟೆಗಳ ಲೆಕ್ಕ. ಎರಡು ತಿಂಗಳು ಹಿಡಿಯುವುದು ಗಾಜಿನಿಂದಲ್ಲ, ಅಗೆತದಿಂದಲೂ ಅಲ್ಲ. ಯಾರು ಸರಿ ಮಾಡಬೇಕು, ಯಾರ ಹಣದಲ್ಲಿ, ಎಷ್ಟು ದಿನದೊಳಗೆ ಎಂದು ಕೇಬಲ್ ಹಾಕುವಾಗಲೇ ಬರೆದುಕೊಳ್ಳದಿದ್ದಾಗ ಹಾಗಾಗುತ್ತದೆ. ಅತ್ತೆಯ ಮನೆಗೆ ಸಂಜೆಯೊಳಗೆ ಸರಿಯಾಗುವುದು ಕಂಬದ ಮಹಿಮೆ ಅರ್ಧ. ಏಣಿ ಹೊತ್ತು ಬರುವ ಮನುಷ್ಯ ಅದೇ ಬೀದಿಯ ಆಚೆ ಇರುವುದು ಇನ್ನರ್ಧ.

ಹಾಗಾದರೆ ತೀರ್ಪು? ನನ್ನ ಮಾತು ಹೇಳುತ್ತೇನೆ. ಇದಕ್ಕೆ ತಾತನ ಗಣಿಯ ಅನುಭವವೇ ಬೇಕು.

ತಾತ, ಗಣಿಯಲ್ಲಿ ಕೆಳಗಿಳಿದವರಿಗೆ ಹೊರಬರಲು ಕನಿಷ್ಠ ಎರಡು ಬೇರೆ ಬೇರೆ ದಾರಿ ಇರಬೇಕೆಂಬ ನಿಯಮ ನಿಮಗೆ ನೆನಪಿದೆಯಲ್ಲವೇ? ಒಂದು ಶಾಫ್ಟಿನಲ್ಲಿ ಬೆಂಕಿಯೋ ಬಂಡೆ ಸಿಡಿತವೋ ಆದರೆ ಇನ್ನೊಂದರಿಂದ ಮೇಲೆ ಬರಲು. ಎಷ್ಟೇ ಗಟ್ಟಿ ಶಾಫ್ಟಾದರೂ, ಗಟ್ಟಿಯಾಗಿದೆ ಎಂಬ ಕಾರಣಕ್ಕೆ ಒಂದೇ ಸಾಕು ಎಂದು ಯಾವ ಗಣಿ ಎಂಜಿನಿಯರೂ ಹೇಳುತ್ತಿರಲಿಲ್ಲ. ಬೆಳಕಿಗೂ ಅದೇ ಬೇಕು. ನಮ್ಮ ಹಳ್ಳಿಗಳ ಕೇಬಲ್ ಬಹಳ ಕಡೆ ಮರದ ಕೊಂಬೆಯ ಹಾಗೆ ಹೋಗಿದೆ. ಬುಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ, ರೆಂಬೆಯ ತುದಿಗೆ ನಿಮ್ಮೂರು. ನಡುವೆ ಒಂದು ಕಡೆ ಕಡಿದರೆ ಅಲ್ಲಿಂದಾಚೆಗೆ ಎಲ್ಲ ಕತ್ತಲು. ಅದರ ಬದಲು ಬಳೆಯ ಹಾಗೆ ಮಾಡಿದರೆ? ಒಂದು ಕಡೆ ಕಡಿದರೂ ಬೆಳಕು ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಇದು ನನ್ನ ಕನಸೇನಲ್ಲ. 2023ರ ಆಗಸ್ಟಿನಲ್ಲಿ ಒಪ್ಪಿಗೆ ಪಡೆದ, 1,39,579 ಕೋಟಿ ರೂಪಾಯಿಯ ತಿದ್ದಿದ ಭಾರತ್‌ನೆಟ್ ಯೋಜನೆಯಲ್ಲಿ ಪಂಚಾಯಿತಿಗಳನ್ನು ಬಳೆಯಾಕಾರದಲ್ಲೇ ಜೋಡಿಸಬೇಕೆಂದಿದೆ.

ಆದರೆ ಇಲ್ಲಿ ಒಂದು ಮೋಸ ಆಗುವ ಸಾಧ್ಯತೆ ಇದೆ, ದೊಡ್ಡವರು ಗಮನಿಸಿ. ಕಾಗದದ ಮೇಲೆ ಬಳೆ ಬರೆದು, ಹೋಗುವ ಎಳೆ ಬರುವ ಎಳೆ ಎರಡನ್ನೂ ಒಂದೇ ಕಂದಕದಲ್ಲಿಟ್ಟರೆ ಅದು ಬಳೆಯಲ್ಲ. ಜೆಸಿಬಿಯ ಒಂದೇ ಬಕೆಟ್ಟಿಗೆ ಎರಡೂ ತುಂಡು. ಎರಡನ್ನೂ ಒಂದೇ ಸಾಲು ಕಂಬಕ್ಕೆ ಕಟ್ಟಿದರೂ ಅಷ್ಟೇ, ಒಂದೇ ಗಾಳಿಗೆ ಎರಡೂ ಕೆಳಗೆ. ಆದ್ದರಿಂದ ಒಂದು ದಾರಿ ಕೆಳಗಿರಲಿ, ಒಂದು ಮೇಲಿರಲಿ. ಅಗೆಯುವ ಯಂತ್ರ ಕಂಬ ಹತ್ತುವುದಿಲ್ಲ, ಬಿರುಗಾಳಿ ನೆಲಕ್ಕಿಳಿಯುವುದಿಲ್ಲ. ಇಬ್ಬರೂ ಒಂದೇ ದಿನ ಬರುವುದು ಬಹಳ ಅಪರೂಪ. ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ದೊಡ್ಡ ಕೇಬಲ್ ನೆಲದೊಳಗಿರಲಿ. ಅದರ ಮೇಲೆ ನಂಬಿಕೊಂಡವರು ಸಾವಿರಾರು ಮಂದಿ, ಖರ್ಚು ಹಂಚಿ ಹೋಗುತ್ತದೆ. ಸಾಧ್ಯವಾದಲ್ಲಿ ರೈಲು ಹಳಿಯ ಬದಿಯೇ ಒಳ್ಳೆಯದು. ಅಲ್ಲಿ ಯಾರು ಬೇಕಾದರೂ ಬಂದು ಅಗೆಯಲು ರೈಲ್ವೆಯವರು ಬಿಡುವುದಿಲ್ಲ. 2000ದಲ್ಲಿ ಶುರುವಾದ ರೈಲ್‌ಟೆಲ್ ಸಂಸ್ಥೆ ದೇಶದುದ್ದಕ್ಕೂ ಹಳಿಯ ಪಕ್ಕದಲ್ಲೇ ಫೈಬರ್ ಎಳೆದಿರುವುದರ ಗುಟ್ಟೂ ಅದೇ. ಇನ್ನು ಹಳ್ಳಿಯಿಂದ ಹಳ್ಳಿಗೆ, ಬಂಡೆಯ ಮೇಲೆ, ಇಕ್ಕಟ್ಟಿನ ಓಣಿಯಲ್ಲಿ ಕಂಬವನ್ನೇ ಹತ್ತಲಿ. ನಿಮ್ಮೂರಿಗೆ ಇರುವ ನೆಲದೊಳಗಿನ ಕೇಬಲನ್ನು ಬಿಡಬೇಡಿ. ಅದನ್ನು ಬೆಸೆಸಿ. ಪಕ್ಕದ ಪಂಚಾಯಿತಿಯಿಂದ ಕಂಬದ ಮೇಲೆ ಇನ್ನೊಂದನ್ನು ಕೇಳಿ. ತಾತನದೂ ಗೆಲ್ಲಲಿ, ಮೊಮ್ಮಗಳದೂ ಗೆಲ್ಲಲಿ ಎಂದು ಈ ತೀರ್ಪಲ್ಲ, ಒಂದೇ ದಾರಿಯನ್ನು ನಂಬಿದರೆ ಇಬ್ಬರೂ ಸೋಲುತ್ತೀರಿ.

ಗ್ರಾಮಸಭೆಯಲ್ಲಿ ಇದನ್ನು ಕೇಳಲು ತಾತನೇ ಸರಿಯಾದವರು. ಎರಡನೇ ದಾರಿ ಯಾವ ಕಡೆಯಿಂದ ಬರುತ್ತದೆ, ಅದು ಮೊದಲನೆಯದರ ಪಕ್ಕದಲ್ಲೇ ಹೋಗುತ್ತದೆಯೇ, ಕಡಿದರೆ ಎಷ್ಟು ಗಂಟೆಯೊಳಗೆ ಬರುವವರು ಯಾರು, ಅವರ ಫೋನ್ ನಂಬರನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸುತ್ತೀರಾ? ಇಷ್ಟು ಕೇಳಿದರೆ ಸಾಕು. ಮೊಮ್ಮಗಳು ಪಕ್ಕದಲ್ಲಿ ಕುಳಿತು ಬರೆದುಕೊಳ್ಳಲಿ.

ಮಕ್ಕಳಿಗೆ ಒಂದು ಎಚ್ಚರಿಕೆಯನ್ನು ಮರೆಯದೆ ಹೇಳಬೇಕು. ರಸ್ತೆ ಬದಿಯಲ್ಲಿ ಕಡಿದ ಕೇಬಲ್ ಬಿದ್ದಿದ್ದರೆ ಬಣ್ಣ ಚೆನ್ನಾಗಿದೆ ಎಂದು ಎಳೆಗಳನ್ನು ಬಿಡಿಸಿ ಆಡಬೇಡಿ. ಗಾಜಿನ ಚೂರು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಬೆರಳಿಗೆ ಚುಚ್ಚಿಕೊಳ್ಳುತ್ತದೆ, ತೆಗೆಯುವುದು ಬಲು ಕಷ್ಟ. ಎಳೆಯ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಇಣುಕಲೂ ಬೇಡಿ. ಅದರಲ್ಲಿ ಓಡುವ ಬೆಳಕು ನಮ್ಮ ಕಣ್ಣಿಗೆ ಕಾಣುವಂಥದ್ದಲ್ಲ, ಕಾಣದಿದ್ದರೂ ಕಣ್ಣಿಗೆ ಪೆಟ್ಟು ಮಾಡಬಲ್ಲದು. ಇನ್ನು, ತಾಮ್ರ ಸಿಗುತ್ತದೆಂದು ಕೇಬಲ್ ಕತ್ತರಿಸಿ ಒಯ್ಯುವ ಅಣ್ಣಂದಿರು ಯಾರಾದರೂ ಈ ಪುಟ ಓದುತ್ತಿದ್ದರೆ: ಒಳಗಿರುವುದು ಗಾಜು, ಗುಜರಿಯಲ್ಲಿ ಕಾಸು ಹುಟ್ಟುವುದಿಲ್ಲ.

ಈ ವಾರದ ಲೆಕ್ಕ: ಬಂಗಾರಪೇಟೆಯಿಂದ ಕೆಜಿಎಫ್ ಕಡೆಗೆ ಹೋಗುವ ಕೇಬಲ್ ಕಡಿದಿದೆ ಎಂದುಕೊಳ್ಳಿ. ಬಿಟ್ಟ ಮಿಣುಕು 90 ಮೈಕ್ರೋಸೆಕೆಂಡಿಗೆ ಮರಳಿ ಬಂತು. ಮುಂದೆ ಬೇಕಾದೀತೆಂದು ದಾರಿಯಲ್ಲಿ 8 ಕಡೆ, ಒಂದೊಂದು ಕಡೆಗೆ 20 ಮೀಟರಿನಂತೆ, ಕೇಬಲನ್ನು ಸುರುಳಿ ಸುತ್ತಿ ಇಟ್ಟಿದ್ದಾರೆ. ಬೆಸೆಯುವವರು ಬಂಗಾರಪೇಟೆಯಿಂದ ಕೇಬಲ್ ದಾರಿ ಹಿಡಿದು ಎಷ್ಟು ದೂರ ಹೋಗಿ ಅಗೆಯಬೇಕು? ಸುರುಳಿಗಳನ್ನು ಮರೆತು ಹೋದರೆ ಎಷ್ಟು ಮೀಟರ್ ಆಚೆ ಅಗೆದಾರು? ಪೋಸ್ಟ್‌ಕಾರ್ಡಿನಲ್ಲಿ ಬರೆಯಿರಿ, ಲೆಕ್ಕ ಮಾಡಿದ ಕ್ರಮವೂ ಇರಲಿ. ತಾತ-ಅಜ್ಜಿಯರು ಸಹಾಯ ಮಾಡಿದ್ದರೆ ಅವರ ಹೆಸರನ್ನೂ ಸೇರಿಸಿ.